ಹೊಗೆನಕಲ್ಲಿನ ಮೊರೆತ, ಮಗ್ಗದ ಲಯ

ಧರ್ಮಪುರಿಯಿಂದ ಪೆನ್ನಾಗರದ ಮಾರ್ಗವಾಗಿ ಕಾವೇರಿಯ ತೀರಕ್ಕೆ ಇಳಿದು ಹೋಗುವ ಪಯಣಿಗನಿಗೆ, ಜಲಪಾತವು ಕಣ್ಣಿಗೆ ಬೀಳುವ ಮೊದಲೇ ಅದರ ಮೊರೆತವು ಕಿವಿಗೆ ಮುಟ್ಟುತ್ತದೆ. ಇನ್ನಷ್ಟು ಸಮೀಪಿಸಿದರೆ, ಬಂಡೆಗಳ ಸಂದಿಯಿಂದ ಮೇಲೆದ್ದ ತುಂತುರು ಹೊಗೆಯಂತೆ ತೇಲಿ, ಆ ಸ್ಥಳಕ್ಕೆ ಹೊಗೆನಕಲ್ ಎಂಬ ಅಚ್ಚಗನ್ನಡದ ಹೆಸರನ್ನಿಟ್ಟ ಪೂರ್ವಿಕರ ದೃಷ್ಟಿ ಎಷ್ಟು ನಿಷ್ಕೃಷ್ಟವಾದುದೆಂಬುದು ಮನವರಿಕೆಯಾಗುತ್ತದೆ. ಧರ್ಮಪುರಿಯು ತಗಡೂರೆನಿಸಿಕೊಂಡಿದ್ದ ಕಾಲದಲ್ಲಿ, 9ನೆಯ ಶತಮಾನದ ನೊಳಂಬ ಅರಸರು ಕನ್ನಡದಲ್ಲಿ ಶಾಸನಗಳನ್ನು ಬರೆಯಿಸಿದ ನೆಲವದು. ಅಲ್ಲಿಯ ಕಲ್ಲಿನಲ್ಲಿಯೂ ನೀರಿನಲ್ಲಿಯೂ ನಮ್ಮ ನುಡಿಯ ಗುರುತು ಉಳಿದಿರುವುದರಲ್ಲಿ ಆಶ್ಚರ್ಯವಿಲ್ಲ.

ಆ ಜಲಪಾತದ ಮುಂದೆ ನಿಂತು ನೋಡುವಾಗ ನನಗೆ ತೋರಿದ ಒಂದು ಸಂಗತಿಯಿಂದ ಇಂದಿನ ಬರಹವನ್ನು ಆರಂಭಿಸುತ್ತೇನೆ. ಕೋಟ್ಯನುಕೋಟಿ ಹನಿಗಳು ಅಲ್ಲಿ ಬೀಳುತ್ತವೆ; ಆದರೆ ಒಂದು ಹನಿಗೂ ಇನ್ನೊಂದಕ್ಕೂ ಒಪ್ಪಂದವಿಲ್ಲ. ಪ್ರತಿಯೊಂದೂ ತನ್ನ ದಾರಿಯಲ್ಲಿ, ತನ್ನ ಹೊತ್ತಿಗೆ, ತನಗೆ ಸಿಕ್ಕಿದ ಬಂಡೆಯ ಮೇಲೆ ಬಡಿದು ಸಿಡಿಯುತ್ತದೆ. ಆದುದರಿಂದಲೇ ಅಷ್ಟು ಅಪಾರವಾದ ಶಕ್ತಿಯು ಒಂದು ಸ್ವರವಾಗದೆ ಮೊರೆತವಾಗಿ ಉಳಿದಿದೆ. ವಿಲ್‌ಹೆಲ್ಮ್ ರಾಂಟ್‌ಗೆನ್ 1895ರ ನವೆಂಬರ್ ತಿಂಗಳಲ್ಲಿ ಕಂಡುಹಿಡಿದ ಕ್ಷ-ಕಿರಣಗಳು, ಅಂದಿನಿಂದ ನಮ್ಮ ಆಸ್ಪತ್ರೆಗಳಲ್ಲಿ ಮುರಿದ ಎಲುಬನ್ನು ತೋರಿಸುತ್ತ ಬಂದ ಆ ಕಿರಣಗಳು, ಹುಟ್ಟುವ ಬಗೆಯೂ ಹೀಗೆಯೇ. ನಿರ್ವಾತ ನಳಿಗೆಯಲ್ಲಿ ವೇಗವಾಗಿ ಓಡಿಬಂದ ಎಲೆಕ್ಟ್ರಾನುಗಳು ಲೋಹದ ಫಲಕಕ್ಕೆ ಬಡಿದು ನಿಲ್ಲುತ್ತವೆ. ಬಡಿದ ಪ್ರತಿಯೊಂದು ಎಲೆಕ್ಟ್ರಾನೂ ತನ್ನ ಪಾಡಿಗೆ ತಾನು ಒಂದಿಷ್ಟು ಕಿರಣವನ್ನು ದಿಕ್ಕುದಿಕ್ಕಿಗೆ ಎರಚುತ್ತದೆ. ಹೊಗೆನಕಲ್ಲಿನ ತುಂತುರಿನಂತೆ ಅದು ಬೆಳಕಿನ ತುಂತುರು.

ಬೆಳಕು ಒಂದು ಅಲೆ. ಅಲೆಗೆ ಏರಿಳಿತಗಳುಂಟು; ಒಂದು ಏರಿನಿಂದ ಮುಂದಿನ ಏರಿಗೆ ಇರುವ ಅಂತರವನ್ನು ತರಂಗದೂರವೆನ್ನುತ್ತಾರೆ. ಹೊಗೆನಕಲ್ಲಿನಿಂದ ಕೆಳಗೆ ಹರಿದ ಕಾವೇರಿಯು 1934ರಲ್ಲಿ ಪೂರ್ತಿಯಾದ ಮೆಟ್ಟೂರು ಅಣೆಕಟ್ಟಿನ ಹಿಂದೆ ವಿಶಾಲವಾದ ಸರೋವರವಾಗಿ ನಿಂತಿರುವುದಷ್ಟೆ. ಆ ನಿಶ್ಚಲವಾದ ನೀರಿಗೆ ಹಿಡಿ ಮರಳನ್ನು ಎಸೆದರೆ ಮೇಲ್ಮೈಯೆಲ್ಲ ಕದಡುತ್ತದೆ, ಅಲೆಗಳು ಒಂದನ್ನೊಂದು ಅಳಿಸುತ್ತವೆ. ಒಂದು ಕೋಲನ್ನು ಸಮನಾದ ತಾಳದಲ್ಲಿ ಅದ್ದಿ ತೆಗೆಯುತ್ತಿದ್ದರೆ, ಉಂಗುರದ ಹಿಂದೆ ಉಂಗುರವಾಗಿ ಅಲೆಗಳು ಅಚ್ಚುಕಟ್ಟಾಗಿ ದಡದವರೆಗೂ ನಡೆಯುತ್ತವೆ. ಏರಿಗೆ ಏರು, ಇಳಿತಕ್ಕೆ ಇಳಿತ ಹೊಂದಿಕೊಂಡು ನಡೆಯುವ ಇಂಥ ಬೆಳಕನ್ನು ವಿಜ್ಞಾನದ ಪರಿಭಾಷೆಯಲ್ಲಿ ಸಂಸಕ್ತವಾದ ಬೆಳಕೆಂದು ಕರೆಯುತ್ತಾರೆ. ಲೇಸರ್ ಎಂಬ ಉಪಕರಣವು ಕಣ್ಣಿಗೆ ಕಾಣುವ ಬೆಳಕನ್ನು ಈ ಶಿಸ್ತಿಗೆ ತಂದಿತು. ಕ್ಷ-ಕಿರಣವನ್ನೂ ಅದೇ ಶಿಸ್ತಿಗೆ ತರಬಹುದೇ ಎಂಬ ಪ್ರಶ್ನೆಗೆ ಉತ್ತರ ದೊರೆಯಲು ಮತ್ತೆ ಅರ್ಧ ಶತಮಾನ ಬೇಕಾಯಿತು.

ಈ ಪ್ರಶ್ನೆಯ ಮಹತ್ವವನ್ನು ಮೊದಲು ತಿಳಿಯತಕ್ಕದ್ದು. ಕ್ಷ-ಕಿರಣದ ತರಂಗದೂರವು ಒಂದು ಆಂಗ್‌ಸ್ಟ್ರಾಮಿನ ಆಸುಪಾಸಿನದು, ಎಂದರೆ ಮಿಲಿಮೀಟರಿನ ಒಂದು ಕೋಟಿಯ ಒಂದು ಪಾಲು. ಪರಮಾಣುಗಳ ಗಾತ್ರವೂ ಅಷ್ಟೇ ಆದುದರಿಂದ, ಪರಮಾಣುಗಳ ಜೋಡಣೆಯನ್ನು ಕಾಣಬಯಸುವವರಿಗೆ ಈ ಕಿರಣವೇ ಕಣ್ಣು. 1912ರಲ್ಲಿ ಫಾನ್ ಲಾವೆ ಸ್ಫಟಿಕಗಳ ಮೂಲಕ ಕ್ಷ-ಕಿರಣವನ್ನು ಹಾಯಿಸಿ ಚುಕ್ಕೆಗಳ ವಿನ್ಯಾಸವೊಂದನ್ನು ಪಡೆಯಲು ದಾರಿ ತೋರಿಸಿದನು. ಬ್ರಾಗ್ ತಂದೆಮಕ್ಕಳು ಆ ಚುಕ್ಕೆಗಳಿಂದ ಪರಮಾಣುಗಳ ನೆಲೆಯನ್ನು ಓದುವ ಬಗೆಯನ್ನು ಕಲಿಸಿದರು. ಬೆಂಗಳೂರಿನಲ್ಲಿ ಸಿ. ವಿ. ರಾಮನ್ನರ ಶಿಷ್ಯರಾಗಿದ್ದ ಜಿ. ಎನ್. ರಾಮಚಂದ್ರನ್ ಅವರು ಇದೇ ವಿದ್ಯೆಯನ್ನು ಮದರಾಸಿಗೆ ಕೊಂಡೊಯ್ದು, 1950ರ ದಶಕದಲ್ಲಿ ಗೋಪೀನಾಥ ಕರ್ತಾ ಅವರೊಡಗೂಡಿ, ನಮ್ಮ ಚರ್ಮಕ್ಕೂ ಸ್ನಾಯುರಜ್ಜುಗಳಿಗೂ ಬಲ ಕೊಡುವ ಕೊಲಾಜೆನ್ ಎಂಬ ಪ್ರೋಟೀನು ಮೂರೆಳೆಯ ಹುರಿಯಂತೆ ಹೊಸೆದುಕೊಂಡಿರುವುದನ್ನು ಲೋಕಕ್ಕೆ ತೋರಿಸಿದರು. ಆದರೆ ಈ ಕಣ್ಣಿಗೆ ಎರಡು ಕೊರತೆಗಳಿದ್ದುವು. ದೊಡ್ಡ ಸ್ಫಟಿಕವಿಲ್ಲದೆ ಅದು ಏನನ್ನೂ ಸ್ಪಷ್ಟವಾಗಿ ಕಾಣಲಾರದು. ಕಾಣುವಷ್ಟು ಹೊತ್ತು ಬೆಳಕನ್ನು ಸುರಿದರೆ, ನೋಡಬೇಕಾದ ವಸ್ತುವೇ ಆ ಬೆಳಕಿನಿಂದ ಕೆಡುತ್ತದೆ. ಅತ್ಯಂತ ಪ್ರಖರವೂ ಅತ್ಯಂತ ಕ್ಷಣಿಕವೂ ಸಂಸಕ್ತವೂ ಆದ ಕ್ಷ-ಕಿರಣ ದೊರೆತರೆ ಮಾತ್ರ ಈ ಕೊರತೆಗಳು ನೀಗಬಲ್ಲುವು.

ಸಾಮಾನ್ಯ ಲೇಸರಿನ ಹಾದಿಯು ಇಲ್ಲಿ ನಡೆಯದು. ಅದರಲ್ಲಿ ಪರಮಾಣುಗಳನ್ನು ಮೊದಲು ಉದ್ರಿಕ್ತ ಸ್ಥಿತಿಗೆ ಏರಿಸಿಡಬೇಕು. ಎದುರುಬದಿರು ಕನ್ನಡಿಗಳ ನಡುವೆ ಬೆಳಕನ್ನು ಹಿಂದಕ್ಕೂ ಮುಂದಕ್ಕೂ ಓಡಾಡಿಸಿ ಬೆಳೆಸಬೇಕು. ಕ್ಷ-ಕಿರಣವನ್ನು ಸೂಸಬಲ್ಲಷ್ಟು ಉದ್ರಿಕ್ತವಾದ ಪರಮಾಣುವಾದರೋ ನಿಮಿಷಾರ್ಧವೂ ಕಾಯದು. ಹಿಡಿದಿಡುವ ಮೊದಲೇ ತನ್ನ ಶಕ್ತಿಯನ್ನು ಚೆಲ್ಲಿಬಿಡುತ್ತದೆ. ಎದುರಿಗೆ ಹಿಡಿದ ಸಾಮಾನ್ಯ ಕನ್ನಡಿಯನ್ನು ಕ್ಷ-ಕಿರಣವು ಲೆಕ್ಕಿಸುವುದೂ ಇಲ್ಲ. ಆದುದರಿಂದ ಪರಮಾಣುವಿನ ಆಶ್ರಯವನ್ನೇ ಬಿಟ್ಟು, ಯಾವ ಬಂಧನವೂ ಇಲ್ಲದ ಎಲೆಕ್ಟ್ರಾನುಗಳಿಂದಲೇ ಬೆಳಕನ್ನು ಪಡೆಯುವ ಯೋಚನೆ ಹುಟ್ಟಿತು. 1950ರ ದಶಕದ ಮೊದಲಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಹಾನ್ಸ್ ಮೋಟ್ಸ್, ಉತ್ತರ ದಕ್ಷಿಣ ಧ್ರುವಗಳನ್ನು ಒಂದು ಬಿಟ್ಟೊಂದರಂತೆ ಸಾಲಾಗಿ ಇಟ್ಟ ಅಯಸ್ಕಾಂತಗಳ ನಡುವೆ ಎಲೆಕ್ಟ್ರಾನುಗಳನ್ನು ಓಡಿಸಿ, ಅವು ಎಡಕ್ಕೂ ಬಲಕ್ಕೂ ತೂಗಾಡುತ್ತ ಬೆಳಕನ್ನು ಚೆಲ್ಲುವಂತೆ ಮಾಡಿದನು. ಅದೇ ವಿಶ್ವವಿದ್ಯಾನಿಲಯದ ಜಾನ್ ಮೇಡಿ 1971ರಲ್ಲಿ ಇದರಿಂದಲೇ ಲೇಸರನ್ನು ನಿರ್ಮಿಸಬಹುದೆಂದು ತರ್ಕಿಸಿ, ಅದೇ ದಶಕದಲ್ಲಿ ತನ್ನ ಸಹೋದ್ಯೋಗಿಗಳೊಡನೆ ಅವಕೆಂಪು ಬೆಳಕಿನಲ್ಲಿ ಅದನ್ನು ಸಾಧಿಸಿ ತೋರಿಸಿದನು. ಇದಕ್ಕೆ ಮುಕ್ತ ಎಲೆಕ್ಟ್ರಾನ್ ಲೇಸರ್ ಎಂಬ ಹೆಸರಾಯಿತು. ಅಯಸ್ಕಾಂತಗಳ ಆ ಸಾಲನ್ನು ಅಂಡ್ಯುಲೇಟರ್ ಎನ್ನುತ್ತಾರೆ.

ಅಯಸ್ಕಾಂತವೆಂದೊಡನೆ ಸೇಲಂ ಜಿಲ್ಲೆಯವರಿಗೆ ಕಂಜಮಲೆಯ ನೆನಪಾಗದಿರದು. ಪಟ್ಟಣದ ನೈಋತ್ಯಕ್ಕೆ ನಿಂತಿರುವ ಆ ಬೆಟ್ಟದ ಒಡಲೆಲ್ಲ ಮ್ಯಾಗ್ನೆಟೈಟ್ ಎಂಬ ಅಯಸ್ಕಾಂತಗುಣದ ಕಬ್ಬಿಣದ ಅದಿರು. 1830ರ ದಶಕದಲ್ಲಿ ಜೋಸಯ ಮಾರ್ಷಲ್ ಹೀತ್ ಎಂಬ ಆಂಗ್ಲನು ಕಡಲ ತೀರದ ಪೋರ್ಟೊ ನೊವೊದಲ್ಲಿ ಕಟ್ಟಿದ ಕುಲುಮೆಗಳಿಗೆ ಸೇಲಂ ಸೀಮೆಯ ಅದಿರೇ ಹೋಗುತ್ತಿದ್ದಿತು. ಇಂದಿಗೂ ಬೆಟ್ಟದ ಬುಡದಲ್ಲಿ ಉಕ್ಕಿನ ಕಾರ್ಖಾನೆಯಿದೆ. ಇದೇ ಜಿಲ್ಲೆಯ ಪಕ್ಕನಾಡು, ಮುಳಕ್ಕಾಡುಗಳ ಕಾರ್ಬೊನಟೈಟ್ ಶಿಲೆಗಳಲ್ಲಿ ಮೊನಜೈಟ್ ಎಂಬ ಖನಿಜವಿರುವುದನ್ನು ಭೂವಿಜ್ಞಾನಿಗಳು ಗುರುತಿಸಿದ್ದಾರೆ. ನಿಯೋಡೈಮಿಯಮ್ ಮೊದಲಾದ ವಿರಳ ಧಾತುಗಳು ದೊರೆಯುವುದು ಇಂಥ ಖನಿಜದಿಂದ. ಕಬ್ಬಿಣ, ನಿಯೋಡೈಮಿಯಮ್ ಮತ್ತು ಬೋರಾನುಗಳನ್ನು ಬೆರೆಸಿ ಮಾಡಿದ ಅಯಸ್ಕಾಂತವನ್ನು 1980ರ ದಶಕದಲ್ಲಿ ಕಂಡುಹಿಡಿದರು. ಅದಕ್ಕಿಂತ ಬಲಿಷ್ಠವಾದ ಕಾಯಂ ಅಯಸ್ಕಾಂತವು ಇಂದು ಬಳಕೆಯಲ್ಲಿಲ್ಲ. ದೊಡ್ಡ ಕ್ಷ-ಕಿರಣ ಲೇಸರುಗಳ ಅಂಡ್ಯುಲೇಟರುಗಳಲ್ಲಿ ಸಾಲುಗಟ್ಟಿ ನಿಂತಿರುವುದು ಅದೇ. ದೂರದ ದೇಶಗಳ ಆ ಯಂತ್ರಗಳ ಮೂಲವಸ್ತುಗಳಿಗೆ ಈ ನೆಲದ ಕಲ್ಲುಗಳು ದಾಯಾದಿಗಳೆಂದರೆ ಉತ್ಪ್ರೇಕ್ಷೆಯಾಗದು.

ಇನ್ನು, ಸೆಂಟಿಮೀಟರುಗಳಲ್ಲಿ ಅಳೆಯಬಹುದಾದ ಅಯಸ್ಕಾಂತಗಳ ಸಾಲಿನಿಂದ ಪರಮಾಣುವಿನಷ್ಟು ಸೂಕ್ಷ್ಮವಾದ ಅಲೆಯು ಹೇಗೆ ಹುಟ್ಟುತ್ತದೆಂಬುದನ್ನು ವಿಚಾರಿಸೋಣ. ಅಮೆರಿಕದ ಸ್ಟ್ಯಾನ್‌ಫರ್ಡ್ ಬಳಿಯ ಎಸ್‌ಎಲ್‌ಎಸಿ ಪ್ರಯೋಗಾಲಯದ ಲೇಸರು ಮೊದಲು ಬೆಳಗಿದಾಗ, ಒಂದು ಜೊತೆ ಧ್ರುವಗಳಿಂದ ಮುಂದಿನ ಜೊತೆಗೆ ಇದ್ದ ಅಂತರ 3 ಸೆಂಟಿಮೀಟರು. ಅಲ್ಲಿ ಓಡುತ್ತಿದ್ದ ಎಲೆಕ್ಟ್ರಾನುಗಳಿಗೆ ಸುಮಾರು 14 ಶತಕೋಟಿ ಎಲೆಕ್ಟ್ರಾನ್ ವೋಲ್ಟುಗಳಷ್ಟು ಶಕ್ತಿ; ಅವುಗಳ ವೇಗವು ಬೆಳಕಿನ ವೇಗಕ್ಕಿಂತ ಕಡಿಮೆಯಾಗಿರುವುದು ನೂರು ಕೋಟಿಯಲ್ಲಿ ಒಂದು ಪಾಲಿನಷ್ಟೂ ಅಲ್ಲ. ಐನ್‌ಸ್ಟೈನನ ಸಾಪೇಕ್ಷತಾ ಸಿದ್ಧಾಂತದ ಪ್ರಕಾರ, ಅಷ್ಟು ವೇಗದಲ್ಲಿ ಓಡುವ ಎಲೆಕ್ಟ್ರಾನಿನ ಪಾಲಿಗೆ ಆ 3 ಸೆಂಟಿಮೀಟರುಗಳು ಸುಮಾರು 27,000 ಪಟ್ಟು ಕುಗ್ಗಿ ಮಿಲಿಮೀಟರಿನ ಸಾವಿರದ ಒಂದು ಪಾಲಿನಷ್ಟಾಗುತ್ತವೆ. ಅದು ಸೂಸಿದ ಬೆಳಕು ನಮ್ಮ ಕಡೆಗೆ ಧಾವಿಸಿ ಬರುವಾಗ, ಎದುರಿನಿಂದ ಬರುವ ರೈಲಿನ ಸಿಳ್ಳು ಕಿವಿಗೆ ಏರುದನಿಯಾಗಿ ಕೇಳುವಂತೆ, ಅಲೆಗಳು ಮತ್ತೊಮ್ಮೆ ಸಾವಿರಾರು ಪಟ್ಟು ಒತ್ತಿಕೊಳ್ಳುತ್ತವೆ. ತೂಗಾಟದ ಕಾರಣದಿಂದ ಎಲೆಕ್ಟ್ರಾನಿನ ಮುಂಚಲನೆ ತುಸು ನಿಧಾನವಾಗುವುದನ್ನೂ ಲೆಕ್ಕಕ್ಕೆ ಹಿಡಿದರೆ, ಉಳಿಯುವುದು ಒಂದೂವರೆ ಆಂಗ್‌ಸ್ಟ್ರಾಮ್. ಎರಡು ಬಾರಿಯ ಈ ಸಂಕೋಚದಿಂದ ಹೆಬ್ಬೆರಳಿನ ಅಗಲದ ಅಳತೆಯು ಪರಮಾಣುವಿನ ಅಳತೆಗೆ ಇಳಿಯಿತು.

ಇಷ್ಟಾದರೂ ಕ್ಷ-ಕಿರಣ ದೊರೆಯಿತೇ ಹೊರತು ಸಂಸಕ್ತತೆ ದೊರೆತಂತಾಗಲಿಲ್ಲ. ಒಂದು ಗುಂಪಿನಲ್ಲಿ ನೂರು ಕೋಟಿಗೂ ಮೀರಿದ ಎಲೆಕ್ಟ್ರಾನುಗಳಿರುತ್ತವೆ. ಅವುಗಳನ್ನು ಪರಮಾಣುವಿನ ಗಾತ್ರದ ಅಂತರಗಳಲ್ಲಿ ಪದರಪದರವಾಗಿ ಜೋಡಿಸುವ ಕೈ ಯಾವುದು? ಮನುಷ್ಯನು ನಿರ್ಮಿಸಿದ ಯಾವ ಇಕ್ಕಳವೂ ಆ ಕೆಲಸಕ್ಕೆ ಸಾಲದು. ಇದಕ್ಕೆ ಸಿಕ್ಕಿದ ಉತ್ತರವು ವಿಜ್ಞಾನದ ಅತ್ಯಂತ ಸುಂದರವಾದ ಉತ್ತರಗಳಲ್ಲಿ ಒಂದೆಂದು ನಾನು ಎಣಿಸುತ್ತೇನೆ. ಅದನ್ನು ತಿಳಿಸುವುದಕ್ಕಾಗಿ ವಾಚಕರನ್ನು ಸೇಲಂ ಪಟ್ಟಣದ ಗುಗೈ ಪೇಟೆಯ ಒಂದು ಮನೆಗೆ ಕರೆದೊಯ್ಯಬೇಕಾಗಿದೆ.

ಚೌಡೇಶ್ವರಿಯನ್ನು ಕುಲದೇವತೆಯಾಗಿ ಪೂಜಿಸುವ ದೇವಾಂಗ ನೇಕಾರರು ತಲೆಮಾರುಗಳಿಂದ ನೆಲಸಿರುವ ಊರು ಸೇಲಂ. ಬೀದಿಯಲ್ಲಿ ತಮಿಳನ್ನಾಡಿ ಮನೆಯೊಳಗೆ ಕನ್ನಡವನ್ನಾಡುವ ಕುಟುಂಬಗಳು ಅವರಲ್ಲಿ ಇಂದಿಗೂ ಉಂಟು. ಅಂಥ ಒಂದು ಮನೆಯಲ್ಲಿ, ಬಿಳಿಯ ರೇಷ್ಮೆಯ ಪಂಚೆಯನ್ನು ನೇಯುತ್ತಿದ್ದ ವೃದ್ಧರೊಬ್ಬರ ಮಗ್ಗದ ಬಳಿ ನಾನು ಬಹಳ ಹೊತ್ತು ಕುಳಿತಿದ್ದೆನು. ಕಾಲು ಹಲಗೆಯನ್ನು ತುಳಿದೊಡನೆ ಹಾಸಿನ ಎಳೆಗಳು ಬಾಯಿ ತೆರೆಯುವುದು, ತೆರೆದ ಬಾಯಿಯೊಳಗೆ ಲಾಳಿ ಹಾಯುವುದು, ಹಣಿಗೆ ಬಂದು ಹೊಕ್ಕನ್ನು ಬಡಿದು ಕೂರಿಸುವುದು. ಒಂದಕ್ಕೊಂದು ಕಾಯುತ್ತ, ಒಂದನ್ನೊಂದು ಕರೆಯುತ್ತ ನಡೆಯುವ ಈ ಲಯವನ್ನು ಎಷ್ಟು ಕಾಲದಲ್ಲಿ ಕಲಿತಿರೆಂದು ಕೇಳಿದೆನು. ಅವರು ಕೈ ನಿಲ್ಲಿಸದೆಯೇ ಹೇಳಿದರು: “ಕಾಲು ಹೇಳಿದ್ದನ್ನ ಕೈ ಕೇಳಬೇಕು ಅಣ್ಣಾ, ಕೈ ಹೇಳಿದ್ದನ್ನ ಕಾಲು ಕೇಳಬೇಕು. ವಿದ್ಯೆ ಅಂದರೆ ಅಷ್ಟೇ.”

ಅಂಡ್ಯುಲೇಟರಿನೊಳಗೆ ನಡೆಯುವುದೂ ಇದೇ. ಮೊದಲ ಕೆಲವು ಮೀಟರುಗಳಲ್ಲಿ ಎಲೆಕ್ಟ್ರಾನುಗಳು ಕ್ರಮವಿಲ್ಲದೆ ಬೆಳಕನ್ನು ಚೆಲ್ಲುತ್ತವೆ. ಆ ಬೆಳಕು ಅವುಗಳ ಜೊತೆಯಲ್ಲಿಯೇ, ತುಸು ಹೆಚ್ಚಿನ ವೇಗದಿಂದ, ಮುಂದೆ ಸಾಗುತ್ತದೆ. ಎಲೆಕ್ಟ್ರಾನು ಒಂದು ಪೂರ್ಣ ತೂಗಾಟವನ್ನು ಮುಗಿಸುವಷ್ಟರಲ್ಲಿ ಬೆಳಕು ಸರಿಯಾಗಿ ಒಂದು ತರಂಗದೂರದಷ್ಟು ಅದನ್ನು ಹಿಂದೆ ಹಾಕಿರುತ್ತದೆ. ಈ ಹೊಂದಾಣಿಕೆಯ ಫಲವಾಗಿ, ಒಂದು ತೂಗಾಟದಲ್ಲಿ ಅಲೆಗೆ ಶಕ್ತಿಯನ್ನು ಕೊಟ್ಟ ಎಲೆಕ್ಟ್ರಾನು ಮುಂದಿನ ತೂಗಾಟದಲ್ಲಿಯೂ ಕೊಡುತ್ತದೆ. ಅಲೆಯಿಂದ ಶಕ್ತಿಯನ್ನು ಪಡೆದದ್ದು ಮುಂದೆಯೂ ಪಡೆಯುತ್ತದೆ. ಕೊಟ್ಟದ್ದು ತುಸು ಹಿಂದುಳಿಯುತ್ತದೆ, ಪಡೆದದ್ದು ತುಸು ಮುಂದೋಡುತ್ತದೆ. ಹೀಗೆ ಹಿಂದಿನವು ಮುಂದಕ್ಕೂ ಮುಂದಿನವು ಹಿಂದಕ್ಕೂ ಸರಿದು, ಒಂದೊಂದು ತರಂಗದೂರಕ್ಕೆ ಒಂದೊಂದು ತೆಳುವಾದ ಪದರವಾಗಿ ನೆರೆಯುತ್ತವೆ. ನೆರೆದ ಪದರಗಳು ಒಟ್ಟಿಗೆ ತೂಗಿ ಒಟ್ಟಿಗೆ ಬೆಳಕು ಸೂಸುತ್ತವೆ; ಬಲಿತ ಬೆಳಕು ಅವುಗಳನ್ನು ಇನ್ನೂ ಬಿಗಿಯಾಗಿ ನೆರೆಯಿಸುತ್ತದೆ; ನೆರೆದಷ್ಟೂ ಬೆಳಕು, ಬೆಳಕಾದಷ್ಟೂ ನೆರವಿ, ಎಂದು ಚಕ್ರಬಡ್ಡಿಯಂತೆ ಬೆಳೆದು ಕೆಲವೇ ಹತ್ತು ಮೀಟರುಗಳಲ್ಲಿ ಪರಾಕಾಷ್ಠೆಯನ್ನು ಮುಟ್ಟುತ್ತದೆ. ಹೊರಗಿನ ಯಾವ ಕೈಯೂ ಎಲೆಕ್ಟ್ರಾನುಗಳನ್ನು ಜೋಡಿಸಲಿಲ್ಲ. ತಾವೇ ಚೆಲ್ಲಿದ ಬೆಳಕಿನ ಮಾತನ್ನು ಅವು ಕೇಳಿದುವು, ಬೆಳಕು ಅವುಗಳ ಮಾತನ್ನು ಕೇಳಿತು.

ಈ ಒಪ್ಪಂದದಿಂದ ಒದಗುವ ಲಾಭವನ್ನು ಗಣಿತವು ಎರಡು ಅಂಕಿಗಳಲ್ಲಿ ಹೇಳಿಬಿಡುತ್ತದೆ. ನೂರು ಎಲೆಕ್ಟ್ರಾನುಗಳು ತಮತಮಗೆ ತೋಚಿದಂತೆ ಬೆಳಗಿದರೆ ಬೆಳಕಿನ ತೀವ್ರತೆ ಒಂದರ ನೂರು ಪಟ್ಟು. ಹೆಜ್ಜೆಗೂಡಿಸಿ ಬೆಳಗಿದರೆ ನೂರರ ನೂರು ಪಟ್ಟು, ಎಂದರೆ 10,000. ಸಂಖ್ಯೆ ಹೆಚ್ಚಲಿಲ್ಲ. ಕಾಲವನ್ನು ಕೂಡಿಸಿಕೊಂಡದ್ದಷ್ಟೇ ಹೆಚ್ಚು.

ಕಾಗದದ ಮೇಲಿನ ಈ ತತ್ತ್ವವನ್ನು ಕೊಂಡ್ರಾಟೆಂಕೊ, ಸಾಲ್ದಿನ್ ಎಂಬ ಸೋವಿಯತ್ ವಿಜ್ಞಾನಿಗಳು 1980ರಲ್ಲಿಯೂ, ಬೊನಿಫಾಚಿಯೊ, ಪೆಲ್ಲೆಗ್ರಿನಿ, ನಾರ್ದುಚ್ಚಿ ಎಂಬವರು 1984ರಲ್ಲಿಯೂ ಬೆಳೆಸಿದರು. ಎಸ್‌ಎಲ್‌ಎಸಿಯ ಹಳೆಯ ವೇಗವರ್ಧಕದಿಂದಲೇ ಕ್ಷ-ಕಿರಣ ಲೇಸರನ್ನು ಪಡೆಯಬಹುದೆಂದು ಪೆಲ್ಲೆಗ್ರಿನಿ 1992ರಲ್ಲಿ ಸೂಚಿಸಿದರು. ಅದು ಕೈಗೂಡಿದ್ದು 2009ರ ಏಪ್ರಿಲ್ ತಿಂಗಳಲ್ಲಿ. ಎಲೆಕ್ಟ್ರಾನುಗಳ ದಾರಿಯು ಕೆಲವೇ ಮೈಕ್ರಾನುಗಳಷ್ಟು ಸೊಟ್ಟಗಾದರೂ ನೆರವಿಯು ಚೆದರಿಹೋಗುವಂಥ ಕಾರ್ಯವಾದುದರಿಂದ, ಬಹು ಕಾಲದ ತಿದ್ದುಪಡಿ ಬೇಕಾದೀತೆಂಬ ಅಳುಕಿದ್ದಿತು. ಆದರೆ ಯೋಜಿಸಿದ್ದ 33 ಅಂಡ್ಯುಲೇಟರು ಖಂಡಗಳಲ್ಲಿ 12ನ್ನು ಇರಿಸುವಷ್ಟರಲ್ಲಿಯೇ ಲೇಸರು ಬೆಳಗಿತು. ಅದರ ಮಿಂಚು ಅದಕ್ಕೆ ಮುಂಚಿನ ಕ್ಷ-ಕಿರಣ ಆಕರಗಳಿಗಿಂತ ಶತಕೋಟಿ ಪಟ್ಟು ಪ್ರಖರ. ಬಳಿಕ 2011ರಲ್ಲಿ ಜಪಾನಿನ ಸಾಕ್ಲಾ ಎಂಬ ಲೇಸರು ಬೆಳಗಿತು. ಕೊರಿಯಾ, ಸ್ವಿಟ್ಜರ್ಲೆಂಡ್‌ಗಳು ಹಿಂಬಾಲಿಸಿದುವು. ಜರ್ಮನಿಯ ಹ್ಯಾಂಬರ್ಗಿನಲ್ಲಿ 3.4 ಕಿಲೋಮೀಟರು ಉದ್ದದ ಯೂರೋಪಿಯನ್ ಲೇಸರು 2017ರಲ್ಲಿ ಕಾರ್ಯಾರಂಭ ಮಾಡಿ, ಸೆಕೆಂಡಿಗೆ 27,000 ಮಿಂಚುಗಳನ್ನು ಕೊಡಬಲ್ಲುದಾಯಿತು.

ಒಂದು ಮಿಂಚು ಬಾಳುವುದು ಕೆಲವು ಹತ್ತು ಫೆಮ್ಟೊಸೆಕೆಂಡುಗಳ ಕಾಲ. ಒಂದು ಸೆಕೆಂಡನ್ನು ಕೋಟಿ ಪಾಲು ಮಾಡಿ, ಆ ಒಂದೊಂದು ಪಾಲನ್ನೂ ಮತ್ತೆ ಹತ್ತು ಕೋಟಿ ಪಾಲು ಮಾಡಿದರೆ ದೊರೆಯುವ ಕಣವೇ ಫೆಮ್ಟೊಸೆಕೆಂಡು. ಈ ಕ್ಷಣಿಕತೆಯೇ ಮೇಲೆ ಹೇಳಿದ ಕೊರತೆಗೆ ಮದ್ದಾಯಿತು. ಇಷ್ಟು ಪ್ರಖರವಾದ ಮಿಂಚು ತಾಗಿದ ಅಣುವು ಛಿದ್ರವಾಗುವುದು ನಿಶ್ಚಯ. ಆದರೆ ಅದರ ಪರಮಾಣುಗಳು ಕದಲುವ ಮೊದಲೇ ಮಿಂಚು ತನ್ನ ಚಿತ್ರವನ್ನು ಹೊತ್ತು ದಾಟಿಹೋಗಿರುತ್ತದೆ. ಇದು ಸಾಧ್ಯವೆಂದು ಉಪ್ಸಾಲದ ವಿಜ್ಞಾನಿಗಳು 2000ದಲ್ಲಿ ಲೆಕ್ಕ ಹಾಕಿ ತಿಳಿಸಿದ್ದರು. 2011ರಲ್ಲಿ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಸ್ಫಟಿಕಗಳನ್ನು ನೀರಿನ ಎಳೆಯಲ್ಲಿ ಹರಿಯಗೊಟ್ಟು, ದ್ಯುತಿಸಂಶ್ಲೇಷಣೆಗೆ ಬೇಕಾದ ಒಂದು ಪ್ರೋಟೀನು ಸಮೂಹದ ರಚನೆಯನ್ನು ಹೀಗೆ ಪಡೆದೇಬಿಟ್ಟರು. ಹಸುರೆಲೆಯು ಬಿಸಿಲಿನ ಬಲದಿಂದ ನೀರನ್ನು ಒಡೆದು ಆಮ್ಲಜನಕವನ್ನು ಬಿಡುವ ಕ್ರಿಯೆಯನ್ನು ಹಂತಹಂತವಾಗಿ ನೋಡುವ ಪ್ರಯತ್ನವು ಈ ಲೇಸರುಗಳಿಂದ ನಡೆಯುತ್ತಿದೆ. ಧರ್ಮಪುರಿಯ ಬೆದ್ದಲು ಹೊಲದ ರಾಗಿಯ ಗರಿಯು ಸದ್ದಿಲ್ಲದೆ ದಿನವೂ ಮಾಡುವ ಆ ಕೆಲಸದ ಮರ್ಮವನ್ನು ಅರಿಯಲು ಮನುಷ್ಯನು ಮೈಲುಗಟ್ಟಲೆ ಸುರಂಗವನ್ನು ತೋಡಬೇಕಾಯಿತೆಂಬುದನ್ನು ನೆನೆದಾಗ, ಆ ಗರಿಯ ಮುಂದೆ ತಲೆ ತಾನಾಗಿ ಬಾಗುತ್ತದೆ.

ಆದರೂ ಈ ಬೆಳಕಿನಲ್ಲಿ ಒಂದು ನ್ಯೂನತೆಯುಳಿದಿದೆ. ಮೊದಲ ಅಲೆಯು ಎಲೆಕ್ಟ್ರಾನುಗಳ ಗೊಂದಲದಲ್ಲಿಯೇ ಹುಟ್ಟುವುದಾದುದರಿಂದ, ಒಂದೇ ಮಿಂಚಿನೊಳಗೆ ಹಲವು ಕಡೆ ಹಲವು ಲಯಗಳು ಬೇರೆಬೇರೆಯಾಗಿ ಮೊಳೆಯುತ್ತವೆ. ಅಡ್ಡಗಲದಲ್ಲಿ ಬೆಳಕು ಸಂಸಕ್ತವಾದರೂ ಉದ್ದಕ್ಕೂ ಏಕರೂಪವಾಗಿರದು. ಇದಕ್ಕೆ ಕಂಡುಕೊಂಡ ಪರಿಹಾರವನ್ನು ನೇಕಾರನಿಗೆ ವಿವರಿಸುವ ಅಗತ್ಯವೇ ಇಲ್ಲ. ಹೊಸ ಹಾಸನ್ನು ಏರಿಸುವಾಗ ಅವನು ಹಳೆಯ ಹಾಸಿನ ತುದಿಯನ್ನು ಹಣಿಗೆಯಲ್ಲಿ ಉಳಿಸಿಕೊಂಡು, ಅದರ ಒಂದೊಂದು ಎಳೆಗೂ ಹೊಸದರ ಒಂದೊಂದು ಎಳೆಯನ್ನು ಕೆಚ್ಚುತ್ತಾನೆ. ಹಳೆಯದರ ಕ್ರಮವೇ ಹೊಸದರ ಕ್ರಮವಾಗುತ್ತದೆ. 2012ರಲ್ಲಿ ಎಸ್‌ಎಲ್‌ಎಸಿಯಲ್ಲಿ ಮಾಡಿದ್ದೂ ಅದನ್ನೇ: ಅಂಡ್ಯುಲೇಟರಿನ ಮೊದಲರ್ಧದಲ್ಲಿ ಹುಟ್ಟಿದ ಬೆಳಕನ್ನು ತೆಳುವಾದ ವಜ್ರದ ಹರಳಿನ ಮೂಲಕ ಸೋಸಿ, ಒಂದೇ ತರಂಗದೂರದ ಶುದ್ಧವಾದ ಎಳೆಯನ್ನು ಉಳಿಸಿಕೊಂಡು, ಎರಡನೆಯ ಅರ್ಧದ ಎಲೆಕ್ಟ್ರಾನುಗಳನ್ನು ಅದಕ್ಕೆ ಕೆಚ್ಚಿದರು; ಬೆಳಕಿನ ಬಣ್ಣವು ಹಲವು ಹತ್ತು ಪಟ್ಟು ಕಿರಿದಾಗಿ ಶುದ್ಧವಾಯಿತು.

ನಮ್ಮ ದೇಶದಲ್ಲಿ ಕ್ಷ-ಕಿರಣದ ಮುಕ್ತ ಎಲೆಕ್ಟ್ರಾನ್ ಲೇಸರು ಇನ್ನೂ ಇಲ್ಲ. ಆದರೆ ಅದಕ್ಕೆ ಬೇಕಾದ ವಿದ್ಯೆ ಇಲ್ಲದಿಲ್ಲ. ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ಕನ್ನಡಿಗ ವಿಜ್ಞಾನಿ ರಾಜಾ ರಾಮಣ್ಣ ಅವರ ಹೆಸರನ್ನು ಹೊತ್ತಿರುವ ಇಂದೋರಿನ ಕೇಂದ್ರದಲ್ಲಿ, 1999ರಲ್ಲಿ ಇಂಡಸ್-1 ಹಾಗೂ 2005ರಲ್ಲಿ ಇಂಡಸ್-2 ಎಂಬ, ಎಲೆಕ್ಟ್ರಾನುಗಳನ್ನು ಉಂಗುರದಲ್ಲಿ ಸುತ್ತಿಸಿ ಬೆಳಕನ್ನು ಪಡೆಯುವ ಸಿಂಕ್ರೊಟ್ರಾನುಗಳು ಸಿದ್ಧವಾದುವು; ಅವಕೆಂಪು ಬೆಳಕಿನ ಮುಕ್ತ ಎಲೆಕ್ಟ್ರಾನ್ ಲೇಸರನ್ನೂ ಅಲ್ಲಿಯವರು ನಿರ್ಮಿಸಿದ್ದಾರೆ. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದ ಮೂಲಕ ನಮ್ಮ ವಿಜ್ಞಾನಿಗಳು ಹ್ಯಾಂಬರ್ಗಿನ ಪೆಟ್ರಾ-3 ಸಿಂಕ್ರೊಟ್ರಾನಿನಲ್ಲಿ ಪ್ರಯೋಗಗಳನ್ನು ನಡೆಸುತ್ತಾರೆ. ಎಳೆ ನಮ್ಮ ಕೈಯಲ್ಲಿದೆ, ಕೆಚ್ಚಬೇಕಾಗಿದೆ.

ಗುಗೈಯ ಆ ಮನೆಯಿಂದ ನಾನು ಹೊರಟಾಗ ಸಂಜೆಯಾಗಿದ್ದಿತು. ವೃದ್ಧರ ಮೊಮ್ಮಗಳು ಮಗ್ಗದ ಪಕ್ಕದಲ್ಲಿ ಕುಳಿತು ಭೌತಶಾಸ್ತ್ರದ ಪುಸ್ತಕವನ್ನು ಓದುತ್ತಿದ್ದಳು. ಪುಸ್ತಕವು ಇಂಗ್ಲಿಷಿನದು, ಶಾಲೆಯಲ್ಲಿ ವಿವರಣೆ ತಮಿಳಿನದು, ಅಜ್ಜನೊಡನೆ ಮಾತು ಮಾತ್ರ ಕನ್ನಡದ್ದು. ಅವಳು ಕಲಿಯುವ ಅಲೆಯ ಪಾಠವನ್ನು ಅಜ್ಜನಿಗೆ ಹೇಳಬಲ್ಲ ಮಾತುಗಳು ಅವಳ ಮನೆಯ ನುಡಿಯಲ್ಲಿ ಇಲ್ಲದಿಲ್ಲ: ಹಾಸು, ಹೊಕ್ಕು, ಲಾಳಿ, ಕೆಚ್ಚು ಎಂಬ ಆ ಮಾತುಗಳನ್ನು ಅವಳು ಹುಟ್ಟಿದಂದಿನಿಂದ ಕೇಳುತ್ತ ಬಂದಿದ್ದಾಳೆ. ಅವುಗಳನ್ನೇ ಆಯ್ದುಕೊಂಡು ಇಷ್ಟನ್ನು ಬರೆದಿದ್ದೇನೆ. ಅವಳು ಇದನ್ನು ಅಜ್ಜನಿಗೆ ಓದಿ ಹೇಳಿ, ಅವರು ಕೈ ನಿಲ್ಲಿಸದೆಯೇ ಹೌದೆಂದು ತಲೆದೂಗಿದರೆ, ಈ ಬರಹವು ತನ್ನ ಕೆಲಸವನ್ನು ಮಾಡಿತೆಂದು ನಾನು ತಿಳಿಯುತ್ತೇನೆ.